ಹಿಂದೆ ದೋಣಿ, ಮುಂದೆ ರಾಡಾರ್

ಎಲೆಕ್ಟ್ರಿಕ್ ಕಾರಿನ ಹಿಂದೆ ಟ್ರೇಲರ್ ಕಟ್ಟಿದಾಗ ಅಡಾಪ್ಟಿವ್ ಕ್ರೂಸನ್ನು, ಅಂದರೆ ಮುಂದಿನ ವಾಹನ ನೋಡಿ ತಾನೇ ವೇಗ ಹೊಂದಿಸಿಕೊಳ್ಳುವ ಏರ್ಪಾಡನ್ನು, ಎಷ್ಟು ನಂಬಬಹುದು ಎಂದು ಕಾರವಾರದಲ್ಲಿ ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಎದುರಿಗೆ ಕೂತವರಲ್ಲಿ ದೋಣಿ ಇದ್ದವರು, ಟ್ಯಾಕ್ಸಿ ಓಡಿಸುವವರು, ನಾಲ್ಕಾರು ಕಾಲೇಜು ಹುಡುಗರು ಇದ್ದರು. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.

ಈ ಮಾತಿಗೆ ಕಾರಣ ನನ್ನ ಅಕ್ಕನ ಮಗ. ಜೋಯಿಡಾ ಕಡೆ ಅವನದೊಂದು ಫೈಬರ್ ದೋಣಿ ಇದೆ, ಪ್ರವಾಸಿಗರನ್ನು ಕೂರಿಸಿಕೊಂಡು ಹಿನ್ನೀರಿನಲ್ಲಿ ಸುತ್ತಿಸುತ್ತಾನೆ. ಮಳೆಗಾಲ ಹಿಡಿಯುವ ಮೊದಲು ಅದನ್ನು ಅಣಶಿ ಘಟ್ಟ ಇಳಿಸಿ ಇಲ್ಲಿಗೆ ತಂದು ರಿಪೇರಿ ಮಾಡಿಸಬೇಕು. ಈಚೆಗೆ ಎಲೆಕ್ಟ್ರಿಕ್ ಕಾರು ತಗೊಂಡ. ಒಂದು ರಾತ್ರಿ ಫೋನ್ ಮಾಡಿ, "ಮಾಮಾ, ಕಾರಿಗೆ ಒಂದು ಹಿಚ್ ಹಾಕಿಸಿ ದೋಣಿ ಎಳ್ಕೊಂಡು ಬಂದ್ರೆ ಹ್ಯಾಗೆ? ಅಡಾಪ್ಟಿವ್ ಕ್ರೂಸ್ ಉಂಟಲ್ಲ, ಬ್ರೇಕ್ ಎಲ್ಲ ಅದೇ ನೋಡ್ಕೊಳ್ತದೆ" ಅಂದ. ಹಿಚ್ ಅಂದರೆ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ. ಬೇಡ ಅಂದೆ. ಯಾಕೆ ಅಂತ ಕೇಳಿದ. ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರ ಅದಾಗಿರಲಿಲ್ಲ.

ನಾನು ಹಡಗಿನ ಎಂಜಿನ್ ರೂಮಿನಲ್ಲಿ ಆಯುಷ್ಯ ಕಳೆದವನು, ಕಾರಿನ ಪಂಡಿತ ಅಲ್ಲ. ಆದರೆ ನಡುವೆ ಕೆಲವು ವರ್ಷ ನಾರ್ವೆಯ ಸ್ಟವಾಂಗರ್ ಊರಿನಲ್ಲಿ ದಡದ ಮೇಲಿನ ಕೆಲಸದಲ್ಲಿದ್ದೆ. ಅದೂ ನಮ್ಮ ಹಾಗೆಯೇ ಸಮುದ್ರ, ಬೆಟ್ಟ, ಮಳೆ ಮೂರೂ ಒಂದನ್ನೊಂದು ಒತ್ತಿಕೊಂಡು ನಿಂತ ಸೀಮೆ. 2024ರಲ್ಲಿ ಆ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89ರಷ್ಟು ಪೂರ್ತಿ ಬ್ಯಾಟರಿಯವು. ಟ್ರೇಲರ್ ಎಳೆಯುವುದು ಅಲ್ಲಿ ನಮ್ಮಲ್ಲಿ ಸ್ಕೂಟಿಯ ಮುಂದೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಹೋಗುವಷ್ಟೇ ಸಾಮಾನ್ಯ. ಕಟ್ಟಿಗೆ, ದೋಣಿ, ಹಳೇ ಸೋಫಾ, ಎಲ್ಲವೂ ಕಾರಿನ ಬಾಲಕ್ಕೇ. ನಾನೂ ಎಳೆದಿದ್ದೇನೆ. ಎಲೆಕ್ಟ್ರಿಕ್ ಕಾರಿನಲ್ಲಿ, ಕ್ರೂಸ್ ಹಾಕಿಕೊಂಡೇ ಎಳೆದಿದ್ದೇನೆ. ಹಾಗಾಗಿ ಬೇಡ ಅಂದದ್ದು ಹೆದರಿಕೆಯಿಂದ ಅಲ್ಲ.

ಕ್ರೂಸ್ ಕಂಟ್ರೋಲ್ ಹುಟ್ಟಿದ ಕಥೆ ನಿಮಗೆ ಗೊತ್ತಿರಬಹುದು. ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರ್, ಐದನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡವರು. ಅವರ ವಕೀಲರು ಕಾರು ಓಡಿಸುವಾಗ ತಾವು ಮಾತಾಡಿದರೆ ನಿಧಾನ, ಬೇರೆಯವರ ಮಾತು ಕೇಳಿದರೆ ಜೋರು. ಈ ಜಗ್ಗಾಟ ತಾಳಲಾರದೆ ವೇಗ ಹಿಡಿದಿಡುವ ಉಪಾಯ ಹುಡುಕಿದರಂತೆ. 1958ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಕ್ರೂಸಿಗೆ ಎದುರು ಏನಿದೆ ಎಂಬುದೇ ಕಾಣುತ್ತಿರಲಿಲ್ಲ. ಎದುರು ನೋಡುವ ಕಣ್ಣು ಬಂದದ್ದು 1990ರ ದಶಕದಲ್ಲಿ. ಹಾಗೆ ಬಂದದ್ದೇ ಅಡಾಪ್ಟಿವ್ ಕ್ರೂಸ್.

ಈಗಿನ ಕಾರಿನಲ್ಲಿ ಆ ಕಣ್ಣು ಅಂದರೆ ಹೆಚ್ಚಾಗಿ ಮುಂದಿನ ಬಂಪರ್ ಅಥವಾ ಗ್ರಿಲ್ ಹತ್ತಿರದ ಒಂದು ರಾಡಾರ್, ಗಾಜಿನ ಹಿಂದೆ ಒಂದು ಕ್ಯಾಮೆರಾ. ಕೆಲವು ಕಂಪನಿಗಳು ಕ್ಯಾಮೆರಾ ಒಂದರಲ್ಲೇ ನಡೆಸುತ್ತವೆ. ನೀವು 80 ಅಂತ ಹೇಳಿದ್ದೀರಿ, ಮುಂದಿನ ವಾಹನ 60ರಲ್ಲಿದೆ, ಕಾರು ತಾನೇ 60ಕ್ಕೆ ಇಳಿಯುತ್ತದೆ, ನೀವು ಹೇಳಿದಷ್ಟು ಸೆಕೆಂಡಿನ ಅಂತರ ಇಟ್ಟುಕೊಳ್ಳುತ್ತದೆ, ಅದು ಪಕ್ಕಕ್ಕೆ ಸರಿದರೆ ಮತ್ತೆ 80ಕ್ಕೆ ಏರುತ್ತದೆ. ಒಳ್ಳೆ ರಸ್ತೆಯಲ್ಲಿ ಇದು ದೇವರಂಥ ವಸ್ತು. ಇದರಲ್ಲಿ ನನಗೆ ತಕರಾರಿಲ್ಲ.

ತಕರಾರು ಬೇರೆ ಕಡೆ ಇದೆ. ನಿಮ್ಮಲ್ಲಿ ಹಡಗಿಗೆ ಹೋದವರು ಇದ್ದೀರಿ, ನಿಮಗೆ ಬೇಗ ಹಿಡಿಯುತ್ತದೆ. ಹಳೇ ಹಡಗುಗಳ ಆಟೊಪೈಲಟ್‌ನಲ್ಲಿ ಹಡಗು ತುಂಬಿದೆಯೋ ಖಾಲಿ ಇದೆಯೋ ನೋಡಿ ನಾವೇ ಗುಂಡಿ ತಿರುಗಿಸಿ ಇಡಬೇಕಿತ್ತು. ತುಂಬಿದ ಹಡಗು ಚುಕ್ಕಾಣಿಗೆ ತಡವಾಗಿ ಓಗೊಡುತ್ತದೆ, ತಿರುಗಲು ಶುರು ಮಾಡಿತೆಂದರೆ ನಿಲ್ಲಲೂ ತಡ. ಆಟೊಪೈಲಟ್ ಎಷ್ಟೇ ಜಾಣನಾದರೂ ತಾನು ಏನನ್ನು ಹೊತ್ತಿದ್ದೇನೆ ಎಂಬುದನ್ನು ಯಾರಾದರೂ ಅದಕ್ಕೆ ಹೇಳಬೇಕು. ಕಾರಿನ ಕ್ರೂಸೂ ಹಾಗೆಯೇ. ಅದಕ್ಕೆ ಮುಂದಿನದು ಕಾಣುತ್ತದೆ. ಬೆನ್ನಿಗೆ ಏನು ಕಟ್ಟಿದ್ದಾರೆ ಎಂಬುದು ಯಾರಾದರೂ ಹೇಳಿದರೆ ಮಾತ್ರ ಗೊತ್ತು.

ಬೋರ್ಡಿನ ಮೇಲೆ ಲೆಕ್ಕ ಮಾಡೋಣ. 80 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಅಡಾಪ್ಟಿವ್ ಕ್ರೂಸಿಗೆ ಐಎಸ್‌ಒ 15622 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಹೆದ್ದಾರಿ ವೇಗದಲ್ಲಿ ಕ್ರೂಸ್ ತಾನಾಗಿ ಹಾಕುವ ಬ್ರೇಕಿಗೆ ಅದು ಮಿತಿ ಕಟ್ಟುತ್ತದೆ: ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 3.5 ಮೀಟರಿನಷ್ಟು ಇಳಿಯಬಹುದು, ಅದಕ್ಕಿಂತ ಹೆಚ್ಚಲ್ಲ. ಇದು ತುರ್ತು ಬ್ರೇಕ್ ಅಲ್ಲ, ಒಳಗೆ ಕೂತವರ ಕೈಯಲ್ಲಿದ್ದ ಚಹಾ ಚೆಲ್ಲುವಷ್ಟು ಬ್ರೇಕು. ಆ ಲೆಕ್ಕಕ್ಕೆ 80ರಿಂದ ಸೊನ್ನೆಗೆ ಬರಲು 70 ಮೀಟರ್ ಬೇಕು. ಈಗ ಎರಡು ಟನ್ನಿನ ಕಾರಿನ ಹಿಂದೆ ಒಂದು ಟನ್ನಿನ, ಬ್ರೇಕ್ ಇಲ್ಲದ ಟ್ರೇಲರ್ ಕಟ್ಟಿ. ಬ್ರೇಕಿನ ಬಲ ಅಷ್ಟೇ, ತೂಕ ಒಂದೂವರೆ ಪಟ್ಟು. ನಿಲ್ಲಲು 106 ಮೀಟರ್. ಹೆಚ್ಚಾದ 36 ಮೀಟರ್ ಅಂದರೆ ಸಾಲಾಗಿ ನಿಲ್ಲಿಸಿದ ಮೂರು ದೊಡ್ಡ ಬಸ್ಸು.

ಇಲ್ಲಿ ಹುಡುಗರಲ್ಲಿ ಒಬ್ಬರು ಕೈ ಎತ್ತಿದರು: "ಸರ್, ಕಾರು ತನ್ನ ವೇಗ ಅಂದುಕೊಂಡಷ್ಟು ಇಳೀಲಿಲ್ಲ ಅಂತ ನೋಡಿ ಇನ್ನೂ ಒತ್ತುತ್ತದಲ್ಲ?" ಸರಿಯಾದ ಪ್ರಶ್ನೆ. ಒತ್ತುತ್ತದೆ. ಹಾಗಾಗಿ ನಾನು ಹೇಳಿದ ಅಂಕಿ ಅತಿ ಕೆಟ್ಟ ಲೆಕ್ಕ, ಅಷ್ಟು ಆಗುವುದು ಕಡಿಮೆ. ಆದರೆ ಸಾಲದು ಎಂದು ತಿಳಿದ ಮೇಲೆ ಒತ್ತುವುದು ಯಾವಾಗಲೂ ಒಂದು ಗಳಿಗೆ ತಡ. ಖಾಲಿ ಕಾರಿನಲ್ಲಿ ನಯವಾಗಿ ಇಳಿಯುತ್ತಿದ್ದ ವೇಗ ಟ್ರೇಲರ್ ಕಟ್ಟಿದಾಗ ಮೊದಲು ಮೆಲ್ಲಗೆ, ಆಮೇಲೆ ಗಕ್ಕನೆ ಇಳಿಯುತ್ತದೆ. ಆ ಗಕ್ಕನೆ ಎಂಬುದೇ ಟ್ರೇಲರಿಗೆ ಆಗದ ಸಂಗತಿ.

ಇನ್ನು ನನ್ನ ಅನುಭವ. ಗೆಳೆಯನೊಬ್ಬನ ದೋಣಿಯನ್ನು ಸ್ಟವಾಂಗರ್‌ನಿಂದ ಒಳನಾಡಿನ ಕೊಲ್ಲಿಯೊಂದಕ್ಕೆ ಒಯ್ಯಬೇಕಿತ್ತು. ಬಾಡಿಗೆ ಟ್ರೇಲರ್ ತಂದೆ. ಟ್ರೇಲರ್ ಪ್ಲಗ್ಗಿನಲ್ಲಿ ಏಳು ಪಿನ್ನಿನದು, ಹದಿಮೂರು ಪಿನ್ನಿನದು ಅಂತ ಎರಡು ಬಗೆ. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿ ಕೂರಿಸಿದೆ. ಇಂಡಿಕೇಟರ್ ಹತ್ತಿತು, ಬ್ರೇಕ್ ಲೈಟ್ ಹತ್ತಿತು, ಸಾಕು ಅಂದುಕೊಂಡೆ. ನಾನು ಕಾಣದೆ ಹೋದದ್ದು ಏನೆಂದರೆ, ಕಾರಿನ ಪರದೆಯ ಮೇಲೆ ಟ್ರೇಲರ್ ಚಿತ್ರ ಮೂಡಲೇ ಇಲ್ಲ. ಟ್ರೇಲರಿಗೆ ಎಲ್‌ಇಡಿ ದೀಪ ಇತ್ತು. ಹಳೇ ಬಲ್ಬು ಎಳೆಯುವಷ್ಟು ಕರೆಂಟನ್ನು ಎಲ್‌ಇಡಿ ಎಳೆಯುವುದಿಲ್ಲ. ಕರೆಂಟ್ ಅಳೆದು ಟ್ರೇಲರ್ ಇದೆ ಎಂದು ತಿಳಿಯುವ ಕಾರು ಮೋಸ ಹೋಗುತ್ತದೆ. ನಾನು ಒಂದು ಟನ್ ಕಟ್ಟಿಕೊಂಡು ಹೊರಟೆ. ಕಾರು ತಾನು ಒಂಟಿ ಎಂದುಕೊಂಡು ಹೊರಟಿತು.

ಆ ದಾರಿಯಲ್ಲಿ ರೈಫೈಲ್ಕೆ ಸುರಂಗ ಸಿಗುತ್ತದೆ. 2019ರ ಡಿಸೆಂಬರ್ ಕೊನೆಗೆ ತೆರೆದದ್ದು, 14 ಕಿ.ಮೀ.ಗಿಂತ ಉದ್ದ, ಸಮುದ್ರಮಟ್ಟದಿಂದ 292 ಮೀಟರ್ ಕೆಳಗೆ ಇಳಿದು ಮತ್ತೆ ಮೇಲೆ ಬರುತ್ತದೆ. ನೀರಿನ ಅಡಿಯಲ್ಲಿ ಒಂದು ಘಟ್ಟ ಅಂದುಕೊಳ್ಳಿ. ಸುರಂಗದೊಳಗೆ ಕ್ರೂಸ್ ಚಂದ ನಡೆಯಿತು. ವೇಗ ಒಂದು ಕಿ.ಮೀ. ಕೂಡ ಅಲುಗಾಡಲಿಲ್ಲ. ಬ್ಯಾಟರಿಗೆ ವಾಪಸು ಕರೆಂಟ್ ಬರುತ್ತಿದ್ದ ಗೆರೆ ನೋಡಿ ನಾನು ಖುಷಿಯಲ್ಲಿದ್ದೆ. ಆಚೆ ಬದಿ ಮೇಲೆ ಬಂದು ಪಕ್ಕಕ್ಕೆ ನಿಲ್ಲಿಸಿದಾಗ ಸುಟ್ಟ ವಾಸನೆ. ಕಾರಿನದಲ್ಲ, ಟ್ರೇಲರ್ ಚಕ್ರದ್ದು. ಡ್ರಮ್ಮಿನ ಹತ್ತಿರ ಕೈ ಒಯ್ದರೆ ದೋಸೆ ಕಾವಲಿಯ ಬಿಸಿ.

ಅದು ಯಾಕಾಯಿತು ಅಂತ ಹೇಳುವ ಮೊದಲು ಎರಡನೆಯದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಘಟ್ಟಕ್ಕೆ ಅದೇ ಹೆಚ್ಚು ಹತ್ತಿರ. ಸುರಂಗದಾಚೆ ಬೆಟ್ಟದ ದಾರಿ. ಮುಂದೊಂದು ಲಾರಿ, 45ರಲ್ಲಿ. ನನ್ನ ಕಾರು ವಿಧೇಯವಾಗಿ ಅದರ ಹಿಂದೆ. ಒಂದು ಬಲ ತಿರುವಿನಲ್ಲಿ ಲಾರಿ ಬಂಡೆಯ ಮರೆಗೆ ಹೋಯಿತು. ಕಾರಿನ ರಾಡಾರಿಗೆ ಮುಂದೆ ಯಾರೂ ಇಲ್ಲ. ನಾನು ಕ್ರೂಸ್ ಇಟ್ಟದ್ದು 80ಕ್ಕೆ. ಎಲೆಕ್ಟ್ರಿಕ್ ಮೋಟಾರಿಗೆ ಗೇರ್ ಬದಲಿಸುವ ರಗಳೆ ಇಲ್ಲ, ಯೋಚನೆ ಬಂದ ಕ್ಷಣವೇ ಹಾರುತ್ತದೆ. ತಿರುವಿನ ನಡುವೆ ಕಾರು ಮುಂದಕ್ಕೆ ಚಿಮ್ಮಿತು. ಟ್ರೇಲರಿನ ಒಳಚಕ್ರ ಯಾವಾಗಲೂ ಕಾರಿಗಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಅದು ರಸ್ತೆ ಅಂಚಿನ ಕಲ್ಲಿಗೆ ತಾಗಿ ಹಾರಿತು. ನಾನು ಬ್ರೇಕ್ ತುಳಿದೆ. ದೋಣಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಲ ಬೀಸಿ ನಿಂತಿತು. ಎದುರಿನಿಂದ ಯಾರೂ ಬರಲಿಲ್ಲ, ಹಾಗಾಗಿ ಇವತ್ತು ನಿಮ್ಮೆದುರು ನಿಂತು ಮಾತಾಡುತ್ತಿದ್ದೇನೆ.

ಈಗ ಆ ಬಿಸಿ ಡ್ರಮ್ಮಿನ ವಿಷಯ. ಎತ್ತಿನ ಗಾಡಿ ಹೊಡೆದವರು ಯಾರಾದರೂ ಇದ್ದೀರಾ? ಇಬ್ಬರು ಇದ್ದೀರಿ. ಇಳಿಜಾರಿನಲ್ಲಿ ತುಂಬಿದ ಗಾಡಿ ಎತ್ತನ್ನು ದೂಡುತ್ತದೆ, ನೊಗ ಕೊಂಬಿನ ಕಡೆ ಜಾರುತ್ತದೆ, ಎತ್ತು ಕಾಲು ಕೊಟ್ಟು ತಡೆಯುತ್ತದೆ. ಯುರೋಪಿನಲ್ಲಿ 750 ಕಿಲೋ ದಾಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಕಾರು ಎಳೆಯುವ ಅಲ್ಲಿಯ ಟ್ರೇಲರುಗಳಲ್ಲಿ ಬಹುತೇಕ ಇರುವುದು ಓವರ್‌ರನ್ ಬ್ರೇಕು. ಅದರ ಬುದ್ಧಿ ಪೂರ್ತಿ ಈ ದೂಡುವಿಕೆಯಲ್ಲೇ ಇದೆ. ಕಾರು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಕೊಂಡಿಯ ಕೊಳವೆ ಒಳಕ್ಕೆ ಜಾರುತ್ತದೆ, ಒಂದು ಸರಳು ಹಿಂದಕ್ಕೆ ಹೋಗಿ ಕೇಬಲ್ ಎಳೆದು ಬ್ರೇಕ್ ಶೂ ಹಿಡಿಯುತ್ತದೆ. ವೈರ್ ಇಲ್ಲ, ಕಂಪ್ಯೂಟರ್ ಇಲ್ಲ. ದೂಡಿದಷ್ಟು ಹೊತ್ತು ಹಿಡಿತ, ದೂಡುವುದು ನಿಂತರೆ ಬಿಡುಗಡೆ.

ಎಲೆಕ್ಟ್ರಿಕ್ ಕಾರಿನ ರೀಜೆನ್, ಅಂದರೆ ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ಕರೆಂಟ್ ವಾಪಸು ಕಳಿಸುವ ಏರ್ಪಾಡು, ಇದರ ಜೊತೆ ಸಂಸಾರ ಮಾಡುವ ರೀತಿ ವಿಚಿತ್ರ. ಮನುಷ್ಯ ಘಟ್ಟ ಇಳಿಸುವಾಗ ಒಮ್ಮೆ ಗಟ್ಟಿಯಾಗಿ ಹಿಡಿದು ವೇಗ ಇಳಿಸುತ್ತಾನೆ, ಆಮೇಲೆ ಬಿಡುತ್ತಾನೆ. ಶೂಗಳಿಗೆ ಗಾಳಿಯಾಡಲು ನಾಲ್ಕು ಗಳಿಗೆ ಸಿಗುತ್ತದೆ. ಕ್ರೂಸ್ ಹಾಗಲ್ಲ. ಅದು 80 ಅಂದರೆ 80. ಮೋಟಾರು ಹಿಡಿದೇ ಇರುತ್ತದೆ, ಟ್ರೇಲರ್ ದೂಡುತ್ತಲೇ ಇರುತ್ತದೆ, ಶೂ ಉಜ್ಜುತ್ತಲೇ ಇರುತ್ತದೆ. ನಾನು ಪರದೆಯ ಮೇಲೆ ಗೆರೆ ನೋಡಿ ಖುಷಿಪಡುತ್ತಿದ್ದಾಗ ದೋಣಿಯ ಪಾಲಿನ ಶಕ್ತಿಯಲ್ಲಿ ಒಂದು ಭಾಗ ಬ್ಯಾಟರಿಗೆ ಬರದೆ ಹಿಂದಿನ ಡ್ರಮ್ಮಿನಲ್ಲಿ ಉರಿದುಹೋಗುತ್ತಿತ್ತು.

ಇದರ ತಮ್ಮನಂಥ ಇನ್ನೊಂದು ಸಂಗತಿ ಬ್ರೇಕ್ ಲೈಟಿನದು. ರೀಜೆನ್‌ನಲ್ಲಿ ಪೆಡಲ್ ತುಳಿಯದೆಯೇ ಕಾರು ನಿಧಾನಿಸುತ್ತದೆ, ಹಾಗಾದರೆ ಹಿಂದಿನ ಕೆಂಪು ದೀಪ ಯಾವಾಗ ಹತ್ತಬೇಕು? ವಿಶ್ವಸಂಸ್ಥೆಯ ಬ್ರೇಕ್ ನಿಯಮ 13-ಎಚ್ ಹೀಗೆ ಹೇಳುತ್ತದೆ: ನಿಧಾನಿಸುವ ದರ (ಆಗಲೇ ಹೇಳಿದ 3.5ರ ಲೆಕ್ಕದಲ್ಲಿ) 0.7 ದಾಟದಿದ್ದರೆ ಹತ್ತಕೂಡದು, 1.3 ದಾಟಿದರೆ ಹತ್ತಲೇಬೇಕು, ನಡುವಿನದು ಕಂಪನಿಗೆ ಬಿಟ್ಟದ್ದು. ಅಮೆರಿಕದ ಟ್ರೇಲರುಗಳಲ್ಲಿ ಹಲವಕ್ಕೆ ಕರೆಂಟ್ ಬ್ರೇಕ್ ಇರುತ್ತದೆ. ಅದನ್ನು ನಡೆಸುವ ಪೆಟ್ಟಿಗೆಗಳಲ್ಲಿ ಕೆಲವು ಬ್ರೇಕ್ ಲೈಟಿನ ಸಂಕೇತ ಬಂದ ಮೇಲೇ ಎಚ್ಚರಾಗುತ್ತವೆ. ಮೆಲ್ಲನೆಯ ರೀಜೆನ್‌ನಲ್ಲಿ ದೀಪವೇ ಹತ್ತದಿದ್ದರೆ ಟ್ರೇಲರ್ ಬ್ರೇಕ್ ನಿದ್ದೆಯಲ್ಲೇ ಇರುತ್ತದೆ, ಕಾರು ಒಂದೇ ಎಲ್ಲವನ್ನೂ ತಡೆಯುತ್ತದೆ. ಅಂದರೆ ಒಂದು ಬಗೆಯ ಟ್ರೇಲರಿನಲ್ಲಿ ಹಿಡಿತ ಅತಿ, ಇನ್ನೊಂದರಲ್ಲಿ ಹಿಡಿತವೇ ಇಲ್ಲ. ಕ್ರೂಸಿಗೆ ಎರಡೂ ಒಂದೇ.

ಗಾಡಿಯ ಮಾತು ಬಂದದ್ದಕ್ಕೆ ಮೂಕಿ ಭಾರದ ವಿಷಯವನ್ನೂ ಮುಗಿಸುತ್ತೇನೆ. ಗಾಡಿ ತುಂಬುವಾಗ ಮುಂಭಾರ ಆದರೆ ಎತ್ತಿನ ಕುತ್ತಿಗೆ ಹೋಯಿತು, ಹಿಂಭಾರ ಆದರೆ ನೊಗ ಮೇಲೆದ್ದು ಕಣ್ಣಿ ಗಂಟಲು ಹಿಡಿಯಿತು. ಟ್ರೇಲರಿಗೂ ಅದೇ ಹಿತ. ಹಿಂಭಾರ ಆದರೆ ಬಾಲ ಬೀಸುತ್ತದೆ. ಮುಂಭಾರ ಹೆಚ್ಚಾದರೆ ಕಾರಿನ ಹಿಂಬದಿ ಕೂರುತ್ತದೆ, ಮೂತಿ ಏಳುತ್ತದೆ. ಕಾರಿನ ಎರಡು ಆಕ್ಸಲ್ ನಡುವೆ 2.9 ಮೀಟರ್ ಇದ್ದು ಹಿಂದೆ ಬರೀ 5 ಸೆಂಟಿಮೀಟರ್ ಕೂತರೆ ಕಾರು ಒಂದು ಡಿಗ್ರಿ ಮೇಲೆ ನೋಡುತ್ತದೆ. ಒಂದು ಡಿಗ್ರಿ ಅಂದರೆ ನೂರು ಮೀಟರ್ ಮುಂದೆ 1.75 ಮೀಟರ್. ರಾಡಾರಿನ ಕಿರಣಕ್ಕೂ ಅಗಲ ಇದೆ, ಪೂರ್ತಿ ತಪ್ಪುವುದಿಲ್ಲ, ಆದರೆ ಕಿರಣದ ನಡು ಹೋಗುವುದು ಸ್ಕೂಟಿಯವನ ತಲೆಯ ಮೇಲಿಂದ. ಕ್ಯಾಮೆರಾಕ್ಕೂ ಹೆಡ್‌ಲೈಟಿಗೂ ಅದೇ ಗತಿ. ಏರ್ ಸಸ್ಪೆನ್ಷನ್ ಇದ್ದ ದುಬಾರಿ ಕಾರು ತಾನೇ ಸಮ ಮಾಡಿಕೊಳ್ಳುತ್ತದೆ. ನಮ್ಮನಿಮ್ಮ ಕಾರಿನಲ್ಲಿ ಅದಿಲ್ಲ.

ಈಗ ಊರಿಗೆ ಬರೋಣ. ಕರಾವಳಿಯಿಂದ ಮೇಲೆ ಹತ್ತಲು ನಮಗೆ ಇರುವ ದಾರಿಗಳು ಗೊತ್ತೇ ಇವೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್, ಇಲ್ಲಿಂದ ಕದ್ರಾ ದಾಟಿ ಅಣಶಿ. ಇಳಿಯುವಾಗ ಎಷ್ಟು ಶಕ್ತಿ ತಡೆಯಬೇಕು ಅಂತ ಒಂದು ಲೆಕ್ಕ. ಕಾರು, ಜನ, ಟ್ರೇಲರ್, ದೋಣಿ ಎಲ್ಲ ಸೇರಿ 3 ಟನ್. ಇಳಿತ 500 ಮೀಟರ್ ಅಂತ ಹಿಡಿಯಿರಿ. ಸುಮಾರು 4 ಯೂನಿಟ್ ಕರೆಂಟಿನಷ್ಟು ಶಕ್ತಿ ಬರುತ್ತದೆ. ಅದನ್ನು ಪೂರ್ತಿ ಶಾಖ ಮಾಡಿದರೆ ಬಚ್ಚಲ ಹಂಡೆಯಲ್ಲಿ 50 ಲೀಟರ್ ತಣ್ಣೀರು ಕುದಿಯಲು ಶುರುವಾಗುತ್ತದೆ. ಟೈರಿನ ಉಜ್ಜು, ಗಾಳಿ ಒಂದು ಪಾಲು ತಿನ್ನುತ್ತವೆ. ಉಳಿದ ಹಂಡೆಯನ್ನು ಎಲ್ಲಾದರೂ ಸುರಿಯಬೇಕು. ಒಂದೋ ಬ್ಯಾಟರಿಗೆ, ಇಲ್ಲವೇ ಬ್ರೇಕ್ ಡಿಸ್ಕಿಗೆ.

ಎಲೆಕ್ಟ್ರಿಕ್ ಕಾರಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಡೀಸೆಲ್ ಗಾಡಿಗಿಂತ ಇದು ಇಳಿಯಲು ಒಳ್ಳೆಯದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಬ್ಯಾಟರಿಯಲ್ಲಿ ಜಾಗ ಇರಬೇಕು. ಯಲ್ಲಾಪುರದಲ್ಲಿ ನೂರಕ್ಕೆ ನೂರು ತುಂಬಿಸಿ ಅರಬೈಲ್ ಘಟ್ಟಕ್ಕೆ ಬಂದಿರಿ ಅನ್ನಿ. ತುಂಬಿದ ಕೊಡಕ್ಕೆ ನೀರು ಹಿಡಿಸುವುದಿಲ್ಲ. ರೀಜೆನ್ ಕಡಿಮೆಯಾಗುತ್ತದೆ, ಕ್ರೂಸ್ ನಿಮಗೆ ಹೇಳದೆ ಕೇಳದೆ ಡಿಸ್ಕ್ ಬ್ರೇಕಿಗೆ ಕೆಲಸ ದಾಟಿಸುತ್ತದೆ. ಒಳಗೆ ಕೂತ ನಿಮಗೆ ವ್ಯತ್ಯಾಸವೇ ತಿಳಿಯದು, ಯಾಕೆಂದರೆ ಅದನ್ನು ಹಾಗೆ ತಿಳಿಯದಂತೆಯೇ ಕಟ್ಟಿದ್ದಾರೆ. ಕಾಲಿನಿಂದ ಬ್ರೇಕ್ ಹಿಡಿದವನಿಗೆ ಪೆಡಲ್ ಮೆತ್ತಗಾದದ್ದು ಗೊತ್ತಾಗುತ್ತದೆ, ವಾಸನೆ ಬರುವ ಮೊದಲೇ ಅವನು ಎಚ್ಚರಾಗುತ್ತಾನೆ. ಕ್ರೂಸಿನಲ್ಲಿ ಕೂತವನಿಗೆ ಆ ಸುದ್ದಿ ಕೊಡುವವರಿಲ್ಲ. ಘಟ್ಟದ ತಲೆಯಲ್ಲಿ ಚಾರ್ಜ್ ಮಾಡುವುದಾದರೆ ನೂರಕ್ಕೆ 80 ತುಂಬಿದಾಗ ನಿಲ್ಲಿಸಿ. ಇಳಿಯಲು ಶುರು ಮಾಡುವ ಮೊದಲೇ ಕ್ರೂಸ್ ತೆಗೆಯಿರಿ, ರೀಜೆನ್ ಜೋರಿನದಕ್ಕೆ ಇಡಿ, ಲಾರಿಯವರು ಇಳಿಯುವ ವೇಗದಲ್ಲಿ ಇಳಿಯಿರಿ. ಟ್ರೇಲರ್ ಇದ್ದರೆ ಇದರಲ್ಲಿ ಚೌಕಾಸಿ ಇಲ್ಲ. ತಿರುವಿನಲ್ಲಿ ಮುಂದಿನ ಗಾಡಿ ಮರೆಯಾಗುವ ಕಥೆಯನ್ನು ಆಗಲೇ ಹೇಳಿದೆ; ದೇವಿಮನೆಯಲ್ಲಿ ಅದು ತಿರುತಿರುವಿಗೂ ಆಗುತ್ತದೆ.

ಕೆಳಗೆ 66ನೇ ಹೆದ್ದಾರಿಯಲ್ಲಿ? ಮಾಜಾಳಿಯಿಂದ ಭಟ್ಕಳದವರೆಗೆ ಒಳ್ಳೆಯ ತುಂಡುಗಳಿವೆ. ಅಲ್ಲಿ ಕ್ರೂಸ್ ಹಾಕಬಹುದು, ಟ್ರೇಲರ್ ಇದೆ ಎಂದು ಕಾರಿಗೆ ಗೊತ್ತಿದ್ದರೆ, ಅಂತರ ಅತಿ ಉದ್ದದ್ದಕ್ಕೆ ಇಟ್ಟಿದ್ದರೆ. ಖಾಲಿ ಕಾರಿಗೆ ಎರಡು ಸೆಕೆಂಡು ಸಾಕೆಂದರೆ ಟ್ರೇಲರಿಗೆ ಮೂರಾದರೂ ಬೇಕು. 80ರಲ್ಲಿ ಅದು 67 ಮೀಟರ್. ನಗಬೇಡಿ. ಗೊತ್ತು, 67 ಮೀಟರ್ ಖಾಲಿ ರಸ್ತೆ ಬಿಟ್ಟರೆ ಅದರೊಳಗೆ ಒಂದು ಆಟೋ, ಎರಡು ಬೈಕು, ಮಂಗಳೂರಿಗೆ ಬಂಗಡೆ ಒಯ್ಯುವ ಒಂದು ಲಾರಿ ಬಂದು ಕೂರುತ್ತವೆ. ಪ್ರತಿ ಸಲ ಯಾರಾದರೂ ನುಗ್ಗಿದಾಗ ಕ್ರೂಸ್ ಹೌಹಾರಿ ಹಿಡಿಯುತ್ತದೆ, ಹಿಂದೆ ಟ್ರೇಲರ್ ಗುದ್ದುತ್ತದೆ. ಅಂಕೋಲಾ ದಾಟುವಷ್ಟರಲ್ಲಿ ನಿಮಗೇ ಸಾಕೆನಿಸಿ ಕ್ರೂಸ್ ತೆಗೆಯುತ್ತೀರಿ. ನಾನು ಟ್ರೇಲರ್ ಇಲ್ಲದೆಯೇ ತೆಗೆದಿದ್ದೇನೆ.

ಇನ್ನು ದನ. ಮಳೆಗಾಲದ ರಾತ್ರಿ ಡಾಂಬರು ಒಣಗಿದ ಕಡೆ ದನಗಳು ಮಲಗುವುದು ನಿಮಗೆ ಹೊಸದಲ್ಲ. ರಾಡಾರಿಗೆ ಚಲಿಸುವ ವಸ್ತು ಚೆನ್ನಾಗಿ ಕಾಣುತ್ತದೆ. ನಿಂತ ವಸ್ತುಗಳ ಪ್ರತಿಧ್ವನಿ ಮಾತ್ರ ಕಂಬ, ಬೋರ್ಡು, ಸೇತುವೆಯ ಕಟಕಟೆ ಎಲ್ಲ ಕಡೆಯಿಂದ ಬರುತ್ತದೆ, ಎಲ್ಲಕ್ಕೂ ಬ್ರೇಕ್ ಹಾಕಿದರೆ ಕಾರು ಓಡುವುದೇ ಇಲ್ಲ. ಹಾಗಾಗಿ ವೇಗದಲ್ಲಿ ಹೋಗುವಾಗ ಎಷ್ಟೋ ಕ್ರೂಸ್‌ಗಳು ಮೊದಲಿನಿಂದಲೂ ನಿಂತಿದ್ದ ವಸ್ತುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಲಗಿದ ಎಮ್ಮೆ ಅಂಥ ವಸ್ತು. ಮಳೆಯದೂ ಒಂದು ಕಥೆ. ಕಾರಿನ ರಾಡಾರ್ 77 ಗಿಗಾಹರ್ಟ್ಸ್‌ನದು, ಅದರ ಅಲೆಯ ಉದ್ದ 3.9 ಮಿಲಿಮೀಟರ್. ಆಷಾಢದ ದಪ್ಪ ಹನಿಯೂ ಹೆಚ್ಚುಕಡಿಮೆ ಅಷ್ಟೇ ಗಾತ್ರ. ಹನಿ ಮತ್ತು ಅಲೆ ಒಂದೇ ಅಳತೆಯವಾದಾಗ ಅಲೆ ಚದುರುತ್ತದೆ. ಅಂಥ ಜಡಿಮಳೆಯಲ್ಲಿ ಕೆಲವು ಕಾರು ತಾವೇ ಕೈಬಿಟ್ಟು ಕ್ರೂಸ್ ಬಂದ್ ಎಂದು ಹೇಳುತ್ತವೆ. ಹಾಗೆ ಹೇಳುವವು ಪ್ರಾಮಾಣಿಕ ಕಾರುಗಳು.

ಒಂದು ರಸ್ತೆಯ ಗುಣ ಒಂದೇ ರಾತ್ರಿಯಲ್ಲಿ ಬದಲಾಗುವುದನ್ನೂ ನಾವು ನೋಡಿದವರೇ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಂತು. ಆಗಸ್ಟ್ 7ರ ನಡುರಾತ್ರಿ ಇಲ್ಲಿಯೇ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಎರಡೂ ಕಡೆಯ ವಾಹನ ಒಂದೇ ಸೇತುವೆಯ ಮೇಲೆ ಎದುರುಬದುರಾದವು. ನಿನ್ನೆ 80 ಎಂದು ಇಟ್ಟ ಜಾಗದಲ್ಲಿ ಇವತ್ತು 30 ಕೂಡ ಹೆಚ್ಚು. ಅದನ್ನು ಕಾಣಬೇಕಾದದ್ದು ಚಾಲಕ.

ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂಬುದನ್ನು ಬೇಗ ಮುಗಿಸುತ್ತೇನೆ. ಪೆಟ್ಟಿಗೆಯಂಥ ದೊಡ್ಡ ಟ್ರೇಲರ್ ಕಟ್ಟಿದರೆ ದೂರ ಅರ್ಧಕ್ಕೆ ಇಳಿಯುವುದು ಸಾಮಾನ್ಯ. ದೋಣಿ ತಗ್ಗಾಗಿ ಚೂಪಾಗಿದ್ದರೆ ಅಷ್ಟು ನಷ್ಟ ಇಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಹೆಚ್ಚು. ಕ್ರೂಸ್ ಸಮತಟ್ಟಿನಲ್ಲಿ ವೇಗ ಸಮ ಇಟ್ಟು ಕರೆಂಟ್ ಉಳಿಸುತ್ತದೆ. ಏರಿನಲ್ಲಿ ಮಾತ್ರ ಹಠಮಾರಿ: ಮನುಷ್ಯ ಆದರೆ ವೇಗ ಸ್ವಲ್ಪ ಬಿದ್ದರೆ ಬೀಳಲಿ ಎನ್ನುತ್ತಾನೆ, ಅದು 80 ಬಿಡುವುದಿಲ್ಲ. ಕರೆಂಟ್ ಉಳಿಸಲು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವವರೂ ಇದ್ದಾರೆ. ಅವರ ಜೊತೆ ನಾನು ವಾದ ಮಾಡುವುದಿಲ್ಲ, ಅವರ ಹಿಂದೆಯೂ ಹೋಗುವುದಿಲ್ಲ.

ಕಾನೂನಿನ ಮಾತು ಎರಡೇ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನ ಎಂದೇ ಎಣಿಸುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಚಕ್ರ, ಒಂದು ಚೌಕಟ್ಟು ಜೋಡಿಸಿ ಹೊರಟರೆ ಆಯಿತು ಅನ್ನುವಂತಿಲ್ಲ. ಎರಡನೆಯದು ನಿಮ್ಮ ಕಾರಿನ ಕೈಪಿಡಿ. ಟೆಸ್ಲಾ ಮಾಡೆಲ್ ವೈ ಯುರೋಪಿನಲ್ಲಿ ಬ್ರೇಕ್ ಇರುವ ಟ್ರೇಲರ್ ಆದರೆ 1,600 ಕಿಲೋ, ಬ್ರೇಕ್ ಇಲ್ಲದಿದ್ದರೆ 750 ಕಿಲೋ ಎಳೆಯಬಹುದು. ಟ್ರೇಲರ್ ಮೋಡ್‌ಗೆ ಹೋದರೆ ಅದರ ಕ್ರೂಸ್ ತಾನೇ ಅಂತರ ಹೆಚ್ಚಿಸಿಕೊಳ್ಳುತ್ತದೆ, ಸ್ಟಿಯರಿಂಗ್ ಹಿಡಿಯುವ ಆಟೊಸ್ಟಿಯರ್ ಸಿಗುವುದಿಲ್ಲ. ಅಂದರೆ ಮಾಡಿದವರೇ ಟ್ರೇಲರ್ ಇದ್ದಾಗ ಯಂತ್ರದ ಕೈಯಿಂದ ಒಂದು ಕೆಲಸ ಕಸಿದುಕೊಂಡಿದ್ದಾರೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಎಳೆಯುವ ಭಾರದ ಅಂಕಿಯೇ ಇಲ್ಲವೆಂದರೆ ಅದನ್ನು ಸೊನ್ನೆ ಎಂದು ಓದಿಕೊಳ್ಳಿ. ಬೇರೆ ದೇಶದಲ್ಲಿ ಅದೇ ಹೆಸರಿನ ಕಾರಿಗೆ ಇರುವ ಅಂಕಿ ತಂದು ಇಲ್ಲಿ ಹಿಚ್ ಹಾಕಿಸಬೇಡಿ. ಹೊರಗಿನ ಅಂಗಡಿಯ ಹಿಚ್ ಭಾರ ಎಳೆಯಬಹುದು, ಟ್ರೇಲರ್ ಇದೆ ಎಂಬ ಸುದ್ದಿಯನ್ನು ಕಾರಿನ ಕಂಪ್ಯೂಟರಿಗೆ ಮುಟ್ಟಿಸುತ್ತದೆ ಎಂಬ ಖಾತ್ರಿ ಇಲ್ಲ.

ಆಮೇಲೆ ಪ್ರಶ್ನೆಗಳು ಬಂದವು. ಹೊನ್ನಾವರದಿಂದ ಬಂದಿದ್ದ ಚಾಲಕರೊಬ್ಬರು, "ಟ್ರೇಲರ್ ಬಾಲ ಬೀಸೂಕೆ ಶುರು ಮಾಡಿದ್ರೆ ಕ್ರೂಸ್ ಬಂದ್ ಮಾಡ್ಬೇಕಾ?" ಅಂದರು. ಮಾಡಬೇಕು, ಆದರೆ ಒಂದು ಕಿವಿಮಾತು. ಒಂದೇ ಪೆಡಲಿನಲ್ಲಿ ಓಡಿಸುವ, ಅಂದರೆ ಆಕ್ಸಿಲರೇಟರ್ ಬಿಟ್ಟರೆ ತಾನೇ ನಿಧಾನಿಸುವ ಕಾರಿನಲ್ಲಿ ಕಾಲು ಗಾಳಿಯಲ್ಲಿರುವಾಗ ಕ್ರೂಸ್ ಗುಂಡಿ ಒತ್ತಿ ತೆಗೆದರೆ ರೀಜೆನ್ ಒಮ್ಮೆಲೇ ಹಿಡಿಯುತ್ತದೆ, ಟ್ರೇಲರ್ ದೂಡುತ್ತದೆ, ಬಾಲ ಇನ್ನೂ ಜೋರು ಬೀಸುತ್ತದೆ. ಮೊದಲು ಆಕ್ಸಿಲರೇಟರ್ ಮೇಲೆ ಕಾಲನ್ನು ಹಗುರ ಇಡಿ, ಆಮೇಲೆ ಗುಂಡಿ ಒತ್ತಿ, ಆಮೇಲೆ ಕಾಲನ್ನು ಮೆಲ್ಲ ಎತ್ತಿ. ಸ್ಟಿಯರಿಂಗ್ ನೇರ ಹಿಡಿಯಿರಿ, ಬಾಲದ ಜೊತೆ ಕುಸ್ತಿಗೆ ಇಳಿಯಬೇಡಿ.

ಇನ್ನೊಬ್ಬರು ಇಂಡಿಕೇಟರ್ ಬಗ್ಗೆ ಕೇಳಿದರು. ಕೆಲವು ಕಾರುಗಳಲ್ಲಿ ಕ್ರೂಸ್ ಇದ್ದಾಗ ಓವರ್‌ಟೇಕಿಗೆ ಇಂಡಿಕೇಟರ್ ಹಾಕಿದ ಕೂಡಲೇ ಕಾರು ತಾನೇ ವೇಗ ಏರಿಸಲು ಶುರು ಮಾಡುತ್ತದೆ. ಖಾಲಿ ಕಾರಿನಲ್ಲಿ ಅನುಕೂಲ. ಟ್ರೇಲರ್ ಇದ್ದಾಗ ನೀವು ಇನ್ನೂ ಕನ್ನಡಿ ನೋಡುತ್ತಿರುತ್ತೀರಿ, ಅದು ಆಗಲೇ ಹೊರಟಿರುತ್ತದೆ.

ಕೊನೆಗೆ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಅದೆಲ್ಲ ಸಮ ಮಾರಾಯ್ರೆ, ನಿಮ್ಮ ಅಕ್ಕನ ಮಗನ ದೋಣಿ ಕಡೀಗೆ ಇಳೀತೋ ಇಲ್ಲೋ?" ಅಂತ ಕೇಳಿದರು.

ಇಳಿಯಿತು. ಟೆಂಪೋ ಬಾಡಿಗೆ ಮಾಡಿದೆವು. ದೋಣಿಯನ್ನು ಹಗ್ಗ ಬಿಗಿದು ಮೇಲೆ ಕೂರಿಸಿ, ಡ್ರೈವರ್ ಅಣಶಿಯಿಂದ ಕದ್ರಾದವರೆಗೆ ಎರಡನೇ ಗೇರ್ ಬಿಡಲಿಲ್ಲ. ಅಕ್ಕನ ಮಗ ತನ್ನ ಕಾರಿನಲ್ಲಿ ಅವನ ಹಿಂದೆ ಬಂದ. ಕ್ರೂಸ್ ಹಾಕಿದ್ದೆಯಾ ಅಂತ ಕೇಳಿದೆ. ಮೂರನೇ ತಿರುವಿಗೆ ತೆಗೆದೆ ಮಾಮಾ ಅಂದ.